ಡಾಕ್ಟರು ಕೂತ ಗಂಟೆಗೆ ಲೆಕ್ಕ ಇದೆ, ಕಲಿತದ್ದಕ್ಕೆ?

ಕೆಲವು ವರ್ಷಗಳ ಹಿಂದಿನ ಮಾತು. ಭೇದಿಯಾಗಿದ್ದ ಎರಡು ವರ್ಷದ ಮಗುವಿಗೆ ಓಆರ್‌ಎಸ್ ಬರೆದುಕೊಟ್ಟು ಕಳಿಸಿದ್ದೆ. ಮಾರನೇ ದಿನ ತಾಯಿ ಮತ್ತೆ ಬಂದರು. "ಝಿಂಕ್ ಮಾತ್ರೆ ಯಾಕೆ ಕೊಟ್ಟಿಲ್ಲ ಅಂತ ಆಶಾ ಅಕ್ಕ ಕೇಳಿದ್ರು ಸಾರ್" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ 10ರಿಂದ 14 ದಿನ ಝಿಂಕ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ್ದು 2004ರಲ್ಲಿ. ನಾನು ಎಂಬಿಬಿಎಸ್ ಮುಗಿಸಿದ್ದು ಅದಕ್ಕೂ ಮೊದಲು. ಆಮೇಲೆ ಯಾರೂ ಹೇಳಲಿಲ್ಲ, ನಾನೂ ಹುಡುಕಲಿಲ್ಲ. ಆದರೆ ನನ್ನ ಸಿಎಂಇ ಸರ್ಟಿಫಿಕೇಟುಗಳು ಮಾತ್ರ ಸರಿಯಾಗಿಯೇ ಇದ್ದವು!

ಸಿಎಂಇ ಅಂದರೆ ವೈದ್ಯರ ನಿರಂತರ ಶಿಕ್ಷಣ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ವೈದ್ಯರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಬೇಕು. ಅಂದರೆ ವರ್ಷಕ್ಕೆ 6 ಗಂಟೆ. ಅಷ್ಟಾದರೂ ಇದೆಯಲ್ಲ ಅನ್ನಬಹುದು. ತೊಂದರೆ ಇರುವುದು ಆ 6 ಗಂಟೆಯಲ್ಲಿ ಏನು ನಡೆಯುತ್ತದೆ ಅನ್ನುವುದರಲ್ಲಿ.

ಭಾನುವಾರ, ಹೋಟೆಲ್ ಹಾಲ್, ಬಾಗಿಲಲ್ಲಿ ಸಹಿ. ದೊಡ್ಡ ಊರಿನ ತಜ್ಞರು ಹೃದಯದ ಸ್ಟೆಂಟ್ ಬಗ್ಗೆ, ಮಂಡಿ ಬದಲಾವಣೆ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ತಾಲ್ಲೂಕು ಊರಿನ ನನ್ನಂಥವನು ಅದರಿಂದ ಕಲಿಯೋದು ರೋಗಿಯನ್ನು ಯಾವ ಆಸ್ಪತ್ರೆಗೆ ಕಳಿಸಬೇಕು ಅನ್ನೋದಷ್ಟೇ. ನನ್ನ ಮುಂದೆ ಕೂರುವುದು ಜ್ವರ, ಕೆಮ್ಮು, ಭೇದಿ, ಬಿಪಿ, ಶುಗರ್. ಅವುಗಳಲ್ಲೂ ನಿಯಮ ಬದಲಾಗುತ್ತಲೇ ಇವೆ. 12 ವರ್ಷದೊಳಗಿನವರಿಗೆ ನಿಮೆಸುಲೈಡ್ ಕೊಡಬಾರದೆಂದು 2011ರಲ್ಲಿ ನಿಷೇಧ ಬಂತು. ಖಾಸಗಿ ವೈದ್ಯರೂ ಕ್ಷಯ ರೋಗಿಗಳ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 2012ರಲ್ಲಿ ಆದೇಶವಾಯಿತು. ಇವು ಯಾವುವೂ ಹೊಸ ಬ್ರ್ಯಾಂಡ್ ಮಾರಿಕೊಡುವುದಿಲ್ಲ. ಹಾಗಾಗಿ ಇವುಗಳ ಮೇಲೆ ಊಟ ಹಾಕಿಸುವವರೂ ಕಡಿಮೆ.

ಔಷಧ ಕಂಪನಿಗಳು ಪ್ರಾಯೋಜಿಸುವ ಸಮ್ಮೇಳನಗಳಿಗೆ ವೈದ್ಯರು ಹೋಗಬಾರದು ಎಂಬ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ತಂದಿತು. ಅದೇ ತಿಂಗಳು ತಡೆಹಿಡಿಯಿತು.

ಕಂಪನಿ ದುಡ್ಡು ನಿಂತರೆ ಕಲಿಸುವವರು ಯಾರು? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ತಾಲ್ಲೂಕು ಆಸ್ಪತ್ರೆಯಲ್ಲೇ ಇದೆ. ಆ ಝಿಂಕ್ ಪ್ರಸಂಗದ ನಂತರ ನಾವು ಐದಾರು ಜನ ಜನರಲ್ ಪ್ರಾಕ್ಟೀಷನರ್‌ಗಳು ತಿಂಗಳಿಗೊಂದು ಸಂಜೆ, ಕ್ಲಿನಿಕ್ ಮುಚ್ಚಿದ ಮೇಲೆ, ಅಲ್ಲಿನ ಮಕ್ಕಳ ತಜ್ಞರ ಜೊತೆ ಕೂರುತ್ತೇವೆ. ನಮ್ಮದೇ ಚೀಟಿಗಳನ್ನು ರೋಗಿಯ ಹೆಸರು ಮುಚ್ಚಿ ಮುಂದಿಡುತ್ತೇವೆ. ಎಲ್ಲಿ ತಪ್ಪಿದೆ ಅಂತ ಅವರು ಹೇಳುತ್ತಾರೆ. ಮೊದಮೊದಲು ಮುಜುಗರ ಆಗುತ್ತಿತ್ತು, ಈಗ ಇಲ್ಲ. ಖರ್ಚು ಅಂದರೆ ಟೀ, ಬಿಸ್ಕತ್ತು.

ಇದಕ್ಕೆ ಕ್ರೆಡಿಟ್ ಸಿಗುವುದಿಲ್ಲ. ಸಿಗುವಂತೆ ಮಾಡುವುದು ವೈದ್ಯಕೀಯ ಪರಿಷತ್ತಿಗೆ ಕಷ್ಟದ ಕೆಲಸವೇನಲ್ಲ. 30 ಗಂಟೆಯಲ್ಲಿ 10 ಗಂಟೆಯನ್ನಾದರೂ ಇಂಥ ಸಣ್ಣ ಸಭೆಗಳಿಗೆ ಮೀಸಲಿಡಲಿ. ಹಾಲ್‌ನಲ್ಲಿ ಕೂತದ್ದನ್ನು ಲೆಕ್ಕ ಹಾಕುವಂತೆ, ಚೀಟಿ ತಿದ್ದಿಕೊಂಡದ್ದನ್ನೂ ಲೆಕ್ಕ ಹಾಕಲಿ.