ಕುರಿಯ ಹೊಟ್ಟೆಯಲ್ಲಿ ಅಡಗಿ ಕೂತ ಹುಳು

ಮಕ್ಕಳೇ, ಮಳೆಗಾಲದಲ್ಲಿ ಹಟ್ಟಿಯ ಕುರಿ ಸೊರಗಿದರೆ ಅದರ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿ. ಒಳಭಾಗ ಕೆಂಪಗಿರದೆ ಬಿಳಿಚಿಕೊಂಡಿದೆಯೇ? ಗದ್ದದ ಕೆಳಗೆ ನೀರು ತುಂಬಿ ಊದಿದೆಯೇ? ಹಾಗಿದ್ದರೆ ಹೀಮಾಂಕಸ್ ಎಂಬ ಜಂತುಹುಳು ಇರಬಹುದು. ಕುರಿಯ ಹೊಟ್ಟೆಯ ನಾಲ್ಕನೇ ಕೋಣೆಯಲ್ಲಿ ಕೂತು ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತೆ. ಸಾವಿರ ಹುಳು ಇದ್ದರೆ? ಲೆಕ್ಕ ಹಾಕಿ, 50 ಮಿ.ಲೀ.!

ಕುರಿಯ ರೋಗನಿರೋಧಕ ಶಕ್ತಿ ಸುಮ್ಮನಿರುತ್ತಾ? ಇಲ್ಲ. ಆದರೆ ಹುಳು ಕೆಲವು ಪ್ರೋಟೀನುಗಳನ್ನು ಸ್ರವಿಸಿ ರಕ್ಷಕ ಜೀವಕೋಶಗಳ ಚುರುಕು ತಗ್ಗಿಸುತ್ತೆ. ಹೊರಗೆ ಒಣಹವೆ ಅಥವಾ ಚಳಿಯ ಕಾಲ ಬಂದರೆ ಮರಿಹುಳು ಬೆಳೆಯುವುದನ್ನೇ ನಿಲ್ಲಿಸಿ, ಜಠರದ ಗೋಡೆಯೊಳಗೆ ತಿಂಗಳುಗಟ್ಟಲೆ ಅಡಗಿರುತ್ತೆ. ಇನ್ನೊಂದು ಗುಟ್ಟು: ಹುಳುವಿನ ಕರುಳಿನ ಪ್ರೋಟೀನುಗಳು ಕುರಿಯ ದೇಹದ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಅವುಗಳ ವಿರುದ್ಧ ಪ್ರತಿಕಾಯ ಹುಟ್ಟುವುದಿಲ್ಲ.

ವಿಜ್ಞಾನಿಗಳು ಹಿಡಿದದ್ದು ಇದನ್ನೇ. ಆ ಕರುಳಿನ ಪ್ರೋಟೀನುಗಳಿಂದಲೇ ಮಾಡಿದ ಲಸಿಕೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಬಳಕೆಗೆ ಬಂತು. ಲಸಿಕೆ ಪಡೆದ ಕುರಿಯ ರಕ್ತ ಕುಡಿದ ಹುಳು, ಪ್ರತಿಕಾಯವನ್ನೂ ಕುಡಿದು ತಾನೇ ಸೊರಗುತ್ತೆ!

ಮನೆಯಲ್ಲಿ ಒಂದು ಮಾತು ಹೇಳಿ: ಜಂತಿನ ಔಷಧಿಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲೇ ಹಾಕಬೇಕು. ಅರ್ಧಂಬರ್ಧ ಹಾಕಿದರೆ ಬದುಕುಳಿದ ಹುಳುಗಳ ಸಂತತಿ ಔಷಧಿಗೂ ಬಗ್ಗದಂತಾಗುತ್ತೆ.