ಆರೋಗ್ಯ ಕಾರ್ಡು ಕಾಯಿಲೆಗೆ ಮುನ್ನವೇ ಕೈಯಲ್ಲಿರಲಿ

ಮನೆಯವರೊಬ್ಬರು ಹಾಸಿಗೆ ಹಿಡಿದೊಡನೆ ಚಿಕಿತ್ಸೆಯ ಹಣಕ್ಕಾಗಿ ಹೊಲ ಮಾರಿದ, ಒಡವೆಗಳನ್ನು ಅಡವಿಟ್ಟ ಕುಟುಂಬಗಳನ್ನು ನಾವೆಲ್ಲರೂ ಕಂಡಿದ್ದೇವೆ. ಈ ಹೊರೆಯನ್ನು ಇಳಿಸುವ ಉದ್ದೇಶದಿಂದಲೇ ನಮ್ಮ ರಾಜ್ಯದಲ್ಲಿ 2018ರಿಂದ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಯೋಜನೆ ಜಾರಿಯಲ್ಲಿದೆ. ಆದರೆ ಅದರ ನಿಯಮಗಳನ್ನು ಅರಿಯದಿದ್ದರೆ ಅರ್ಹರಿಗೂ ಸೌಲಭ್ಯ ಕೈತಪ್ಪಬಹುದು.

ಯಾರಿಗೆ ಎಷ್ಟು?

ಅರ್ಹತೆಯನ್ನು ನಿರ್ಧರಿಸುವುದು ಪಡಿತರ ಚೀಟಿ. ಅಂತ್ಯೋದಯ ಹಾಗೂ ಬಿಪಿಎಲ್ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಈ ಮೊತ್ತ ಒಬ್ಬೊಬ್ಬರಿಗಲ್ಲ, ಇಡೀ ಕುಟುಂಬಕ್ಕೆ ಸೇರಿದ್ದು. ಉಳಿದ ಕುಟುಂಬಗಳಿಗೆ ಸರ್ಕಾರ ನಿಗದಿಪಡಿಸಿದ ಚಿಕಿತ್ಸಾ ದರದ ಶೇ. 30ರಷ್ಟು ದೊರೆಯುತ್ತದೆ, ಅದರ ವಾರ್ಷಿಕ ಮಿತಿ 1.5 ಲಕ್ಷ ರೂಪಾಯಿ. ಉಳಿದ ವೆಚ್ಚವನ್ನು ಕುಟುಂಬವೇ ಭರಿಸಬೇಕು.

ನೋಂದಣಿ ಹೇಗೆ?

ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಸಮೀಪದ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ ಕಾರ್ಡು ಮಾಡಿಸಿಕೊಳ್ಳಬಹುದು. ಎರಡೂ ದಾಖಲೆಗಳಲ್ಲಿ ಹೆಸರು ಒಂದೇ ರೀತಿಯಲ್ಲಿರಬೇಕು. ಮನೆಗೆ ಬಂದ ಸೊಸೆಯ, ಹುಟ್ಟಿದ ಮಗುವಿನ ಹೆಸರು ಪಡಿತರ ಚೀಟಿಗೆ ಸೇರಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ರೋಗಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ ತಿದ್ದುಪಡಿಗಾಗಿ ಕಚೇರಿಗೆ ಅಲೆಯುವ ಪಾಡು ಯಾರಿಗೂ ಬಾರದಿರಲಿ.

ಆಸ್ಪತ್ರೆಯ ದಾರಿ

ಕಾರ್ಡೊಂದಿದ್ದರೆ ಯಾವ ಖಾಸಗಿ ಆಸ್ಪತ್ರೆಗಾದರೂ ನೇರವಾಗಿ ಹೋಗಬಹುದೆಂಬ ತಿಳಿವಳಿಕೆ ಸರಿಯಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಗತ್ಯ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದರೆ ವೈದ್ಯರು ಶಿಫಾರಸು ಪತ್ರ ಕೊಡುತ್ತಾರೆ. ಅದರೊಂದಿಗೆ ಯೋಜನೆಗೆ ಒಳಪಟ್ಟ ಖಾಸಗಿ ಆಸ್ಪತ್ರೆಗೆ ತೆರಳಬೇಕು. ಹೃದಯಾಘಾತದಂತಹ ತುರ್ತು ಸಂದರ್ಭಗಳಲ್ಲಿ ಮಾತ್ರ ಪತ್ರಕ್ಕಾಗಿ ಕಾಯದೆ, ಯೋಜನೆಗೆ ಒಳಪಟ್ಟ ಸಮೀಪದ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿರುವ 'ಆರೋಗ್ಯ ಮಿತ್ರ'ರನ್ನು ಕಂಡರೆ ಮುಂದಿನ ಕ್ರಮವನ್ನು ತಿಳಿಸುತ್ತಾರೆ. ಹಣ ಕಟ್ಟುವ ಮುನ್ನವೇ ಅವರನ್ನು ವಿಚಾರಿಸುವುದು ಮುಖ್ಯ.

ಸಹಕಾರ ಸಂಘಗಳ ಸದಸ್ಯರಿಗೆ

ಹಾಲು ಉತ್ಪಾದಕರ ಸಂಘ, ಕೃಷಿ ಪತ್ತಿನ ಸಂಘ ಮೊದಲಾದ ಸಹಕಾರ ಸಂಘಗಳ ಸದಸ್ಯರಿಗೆ 'ಯಶಸ್ವಿನಿ' ಯೋಜನೆಯೂ ಇದೆ. 2018ರಲ್ಲಿ ನಿಂತಿದ್ದ ಈ ಯೋಜನೆ 2022-23ರಲ್ಲಿ ಮರುಜಾರಿಗೊಂಡಿತು. ಇದರ ಸದಸ್ಯತ್ವವನ್ನು ಪ್ರತಿವರ್ಷವೂ ನವೀಕರಿಸಬೇಕಾದುದರಿಂದ ಕೊನೆಯ ದಿನಾಂಕವನ್ನು ಸಂಘದ ಕಾರ್ಯದರ್ಶಿಗಳಿಂದ ತಿಳಿದುಕೊಳ್ಳತಕ್ಕದ್ದು.

ಸದ್ಭಕ್ತರು ಈ ತಿಂಗಳಲ್ಲೇ ತಮ್ಮ ಮನೆಯ ದಾಖಲೆಗಳನ್ನೊಮ್ಮೆ ಪರಿಶೀಲಿಸಲಿ. ಅಕ್ಷರ ಬಾರದ ನೆರೆಯವರಿದ್ದರೆ, ಒಂಟಿಯಾಗಿರುವ ವೃದ್ಧರಿದ್ದರೆ ಅವರನ್ನೂ ಜೊತೆಗೆ ಕರೆದೊಯ್ದು ಕಾರ್ಡು ಮಾಡಿಸಿಕೊಡಲಿ ಎಂಬುದು ನಮ್ಮ ವಿನಂತಿ.