ಆಚಾರ್ಯ ಬೋಸರಿಗೆ ಸಲ್ಲತಕ್ಕ ಮನ್ನಣೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ನಮ್ಮ ಜನರ ಸ್ವಭಾವವನ್ನು ಚೆನ್ನಾಗಿ ಬಲ್ಲವರು ಆಡಿದ ಮಾತು. ನಮ್ಮವರು ಮಾಡಿದ ಮಹತ್ಕಾರ್ಯವನ್ನು ಹೊರಗಿನವರು ಮೆಚ್ಚುವವರೆಗೆ ನಾವು ಮೆಚ್ಚುವುದಿಲ್ಲ. ಮೆಚ್ಚಿದ ಬಳಿಕವಾದರೋ ನಮ್ಮ ಹೊಗಳಿಕೆಗೆ ಮಿತಿಯೇ ಇರುವುದಿಲ್ಲ. ಈ ಎರಡು ದೋಷಗಳಿಗೂ ಗುರಿಯಾದ ಮಹನೀಯರು ಆಚಾರ್ಯ ಜಗದೀಶಚಂದ್ರ ಬೋಸರು.

1885ರಲ್ಲಿ ಬೋಸರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾದಾಗ, ಭಾರತೀಯರೆಂಬ ಒಂದೇ ಕಾರಣದಿಂದ ಅವರಿಗೆ ಐರೋಪ್ಯರಿಗಿಂತ ಕಡಮೆ ಸಂಬಳವು ಗೊತ್ತಾಯಿತು. ಅವರು ಕೂಗಾಡಲಿಲ್ಲ, ಕೆಲಸವನ್ನು ಬಿಡಲೂ ಇಲ್ಲ. ಮೂರು ವರ್ಷಗಳ ಕಾಲ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು. ಕೊನೆಗೆ ಸರಕಾರವೇ ಮಣಿದು ಬಾಕಿಯನ್ನೆಲ್ಲ ಪೂರ್ಣವಾಗಿ ಸಲ್ಲಿಸಬೇಕಾಯಿತು. ಇಂಥ ಸ್ಥೈರ್ಯವುಳ್ಳವರು ಸಲಕರಣೆಗಳ ಅಭಾವಕ್ಕೆ ಅಂಜುವರೆ? 1895ರಲ್ಲಿ ಅದೇ ಕಾಲೇಜಿನಲ್ಲಿ ಅವರು ಸೆಕೆಂಡಿಗೆ ಸುಮಾರು 6,000 ಕೋಟಿ ಸಲ ಕಂಪಿಸುವ ವಿದ್ಯುತ್ತರಂಗಗಳನ್ನು ಎಬ್ಬಿಸಿ, ಎರಡು ಗೋಡೆಗಳಾಚೆ, 23 ಮೀಟರು ದೂರದಲ್ಲಿ, ಗಂಟೆಯನ್ನು ಬಾರಿಸಿ ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದರು. ನಡುವೆ ತಂತಿಯೆಂಬುದೇ ಇರಲಿಲ್ಲ.

ಇದಕ್ಕಿಂತಲೂ ಹಿರಿದಾದುದು ಅವರ ಇನ್ನೊಂದು ಶೋಧ. ಗೆಲೀನಾ ಎಂಬ ಸೀಸದ ಅದಿರಿನ ಹರಳು ಅದೃಶ್ಯವಾದ ಈ ಅಲೆಗಳನ್ನು ಗುರುತಿಸಬಲ್ಲುದೆಂದು ಅವರು ಕಂಡುಕೊಂಡರು. ಜ್ಞಾನವನ್ನು ಮಾರಲೊಪ್ಪದ ಅವರನ್ನು ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಎಂಬ ಹಿತೈಷಿಗಳು ಒತ್ತಾಯಪಡಿಸಿದ್ದರಿಂದ 1901ರಲ್ಲಿ ಅಮೆರಿಕೆಯಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. 1904ರಲ್ಲಿ ಅದು ಮಂಜೂರಾಯಿತು. ಅರೆವಾಹಕ ವಸ್ತುವಿನ ಸಾಧನಕ್ಕೆ ದೊರೆತ ಮೊದಲ ಪೇಟೆಂಟುಗಳಲ್ಲಿ ಇದೊಂದು. ಬೋಸರು ಅದರಿಂದ ಹಣ ಮಾಡುವ ಗೋಜಿಗೆ ಹೋಗಲಿಲ್ಲ. ಇಂದಿನ ಗಣಕಯಂತ್ರಗಳ ಜೀವಾಳವಾದ ಟ್ರಾನ್ಸಿಸ್ಟರು 1947ರಲ್ಲಿ ಹುಟ್ಟಿದ್ದು ಇಂಥ ಅರೆವಾಹಕ ಹರಳಿನಿಂದಲೇ. ಅದನ್ನು ನಿರ್ಮಿಸಿದವರಲ್ಲೊಬ್ಬರಾದ ಬ್ರಾಟನ್ನರು 1955ರಲ್ಲಿ ಅರೆವಾಹಕಗಳ ಇತಿಹಾಸವನ್ನು ಪಿಯರ್ಸನ್ನರೊಡನೆ ಬರೆದಾಗ, ಹರಳನ್ನು ರೇಡಿಯೋ ಅಲೆಗಳ ಶೋಧಕವಾಗಿ ಬಳಸಿದ ಅಗ್ರಸ್ಥಾನವನ್ನು ಬೋಸರಿಗೇ ಕೊಟ್ಟರು. ಪಡೆದವನು ಕೊಟ್ಟವನನ್ನು ನೆನೆಯುವುದೆಂದರೆ ಇದು.

ಹೀಗಿರಲು, ನಮ್ಮಲ್ಲಿ ಕೆಲವರು ರೇಡಿಯೋವನ್ನು ಕಂಡುಹಿಡಿದವರು ಬೋಸರೊಬ್ಬರೇ, ಮಾರ್ಕೋನಿಯು ಕದ್ದವನು ಎಂದು ಸಾರುವುದು ನಮಗೆ ಸಮ್ಮತವಲ್ಲ. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕದಾಚೆಗೆ ಸಂಜ್ಞೆಯನ್ನು ಕಳುಹಿದಾಗ ಮಾರ್ಕೋನಿಯು ಬಳಸಿದ ಪಾದರಸದ ಶೋಧಕವು, 1899ರಲ್ಲಿ ಬೋಸರು ರಾಯಲ್ ಸೊಸೈಟಿಗೆ ನಿವೇದಿಸಿದ ಶೋಧಕದಿಂದ ಬಂದುದೆಂದು 1998ರಲ್ಲಿ ವಿದ್ವಾಂಸರೊಬ್ಬರು ಆಧಾರಸಹಿತವಾಗಿ ವಾದಿಸಿದ್ದಾರೆ. ಆ ಋಣವನ್ನು ಹೇಳತಕ್ಕದ್ದೇ ಸರಿ. ಆದರೆ ಸಂದೇಶವಾಹನವನ್ನು ಲೋಕವ್ಯವಹಾರಕ್ಕೆ ತಂದ ಶ್ರಮವು ಮಾರ್ಕೋನಿಯದು. ಅದು ಬೋಸರ ಗುರಿಯಾಗಿರಲಿಲ್ಲ. 1909ರ ನೋಬೆಲ್ ಪಾರಿತೋಷಕವು ಮಾರ್ಕೋನಿಗೂ ಬ್ರೌನರಿಗೂ ಸಂದಿತು. ಆ ಒಂದನ್ನೇ ಹಿಡಿದು ನಾವು ಹಲುಬಿದರೆ, ಬೋಸರದೇ ಆದ ಕೀರ್ತಿಯು ಮರೆಯಾಗುವುದು. ಇಲ್ಲದ್ದನ್ನು ಆರೋಪಿಸಿದರೆ ಇದ್ದುದನ್ನೂ ಜನರು ಸಂಶಯಿಸುವರು.

ಬೋಸರು 1937ರಲ್ಲಿ ದಿವಂಗತರಾದರು. ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಇ.ಇ.ಇ.ಯು ಅವರ 1895ರ ಪ್ರಯೋಗವನ್ನು ಇತಿಹಾಸದ ಮೈಲಿಗಲ್ಲೆಂದು ಸನ್ಮಾನಿಸಿದ್ದು 2012ರಲ್ಲಿ. ಅಂದರೆ 117 ವರ್ಷಗಳ ತರುವಾಯ. ಹೊರಗಿನವರು ತಡಮಾಡಿದರೆಂದು ನಾವು ದೂರಬಹುದು. ನಮ್ಮ ಎಷ್ಟು ಮಕ್ಕಳಿಗೆ ಗೆಲೀನಾ ಹರಳಿನ ಕಥೆಯನ್ನು ನಾವು ಹೇಳಿದ್ದೇವೆ? ಬೋಸರೆಂದರೆ ಗಿಡಗಳಿಗೆ ಜೀವವುಂಟೆಂದು ತೋರಿಸಿದವರು ಎಂಬಲ್ಲಿಗೇ ನಮ್ಮ ಪರಿಚಯವು ಮುಗಿಯುತ್ತದಲ್ಲವೆ?

ಮಾನವೆಂಬುದು ಸತ್ತವರಿಗೆ ಹಾಕುವ ಹಾರವಲ್ಲ. ಬದುಕಿ ದುಡಿಯುತ್ತಿರುವವರಿಗೆ ಕೊಡುವ ಧೈರ್ಯ. ಇಂದು ಬೆಂಗಳೂರಿನ ಕಾರ್ಯಾಗಾರಗಳಲ್ಲಿ ನಮ್ಮ ತರುಣರು ಅರೆವಾಹಕ ಚಿಪ್ಪುಗಳನ್ನು ರಚಿಸುತ್ತಿದ್ದಾರೆ. ಕಂಪೆನಿಯ ಹೆಸರನ್ನು ಲೋಕವು ಬಲ್ಲುದು, ರಚಿಸಿದವರ ಹೆಸರನ್ನು ನೆರೆಮನೆಯವರೂ ಅರಿಯರು. ಶಾಲೆಯ ಪುಸ್ತಕಗಳಲ್ಲಿ ಬೋಸರ ಕಾರ್ಯವನ್ನು ಕೂಡಿಸದೆ ಕಳೆಯದೆ ಬರೆಯಿಸುವುದೂ, ಕೆಲಸ ಮಾಡಿದವರ ಹೆಸರನ್ನು ಅವರ ಜೀವಿತಕಾಲದಲ್ಲಿಯೇ ಬಾಯ್ತುಂಬ ಹೇಳುವುದೂ ನಮ್ಮ ಕೈಯಲ್ಲಿರುವ ಕಾರ್ಯಗಳು. ಅವುಗಳಿಗಾಗಿ ಇನ್ನೊಂದು ನೂರು ವರ್ಷ ಕಾಯಬೇಕಾಗಿಲ್ಲ.